ಸೂರ್ಯ ಮುಳುಗಿದ ತಕ್ಷಣ ಕ್ಯಾಮೆರಾ ಬ್ಯಾಗಿಗೆ ಹಾಕ್ಬೇಡಿ: ಸಂಜೆ, ಪ್ರಕೃತಿ, ಹಳೇ ಕಟ್ಟಡಗಳ ಫೋಟೋ ತೆಗೆಯೋ ಬಗ್ಗೆ

ಸನ್‌ಸೆಟ್ ಫೋಟೋ ಅಂದ್ರೆ ಎಲ್ಲರ ಫೋನಲ್ಲೂ ನೂರಾರು ಇರತ್ತೆ, ತೆಗೆದು ನೋಡಿದ್ರೆ ಮುಕ್ಕಾಲು ಪಾಲು ಒಂದೇ ಥರ, ಮಧ್ಯದಲ್ಲಿ ಒಂದು ಬಿಳಿ ಚುಕ್ಕಿ, ಸುತ್ತ ಒಂಚೂರು ಹಳದಿ, ಕೆಳಗೆ ಪೂರ್ತಿ ಕಪ್ಪು. ಅವತ್ತು ಅಲ್ಲಿ ನಿಂತು ನೋಡ್ದಾಗ ಮನಸ್ಸು ತುಂಬಿ ಬಂದಿದ್ದು ನಿಜ, ಆದ್ರೆ ಫೋಟೋದಲ್ಲಿ ಅದು ಎಲ್ಲೂ ಇಲ್ಲ. ನಂಗೂ ಎಷ್ಟೋ ದಿನ ಹೀಗೇ ಆಗಿದೆ. ಆಮೇಲೆ ಗೊತ್ತಾಯ್ತು, ನಾನು ಬರೀ ಸೂರ್ಯನ್ನ ಹಿಡಿಯೋಕೆ ಹೋಗ್ತಿದ್ದೆ, ಆ ಬೆಳಕು ಮರದ ಮೇಲೆ, ಗೋಡೆ ಮೇಲೆ, ನೀರಿನ ಮೇಲೆ, ಮೋಡದ ಹೊಟ್ಟೆ ಮೇಲೆ ಏನು ಮಾಡ್ತಿದೆ ಅಂತ ನೋಡೇ ಇರ್ಲಿಲ್ಲ. ಇದೊಂದು ತಲೆಗೆ ಹೋದ್ಮೇಲೆ ಅದೇ ಹಳೇ ಕ್ಯಾಮೆರಾದಲ್ಲಿ ಬೇರೆ ಥರ ಫೋಟೋ ಬರೋಕೆ ಶುರುವಾಯ್ತು. ಈ ಹವ್ಯಾಸ ಈಗಷ್ಟೇ ಶುರು ಮಾಡ್ತಿರೋರಿಗೆ ನಂಗೆ ಗೊತ್ತಿರೋದನ್ನೆಲ್ಲ ಒಂದ್ ಕಡೆ ಹೇಳ್ಬಿಡ್ತೀನಿ.

ಮೊದ್ಲು ಟೈಮ್ ವಿಷ್ಯ. ಸೂರ್ಯಾಸ್ತ 6:30ಕ್ಕೆ ಅಂತಿದ್ರೆ 6:25ಕ್ಕೆ ಓಡೋಡಿ ಹೋಗೋದಲ್ಲ, ಕನಿಷ್ಠ ಒಂದು ಗಂಟೆ ಮುಂಚೆ ಅಲ್ಲಿರ್ಬೇಕು, ಸೂರ್ಯ ಮುಳುಗಿ ಅರ್ಧ ಗಂಟೆ ಆದ್ಮೇಲೆ ವಾಪಸ್ ಹೊರಡ್ಬೇಕು. ಮೊದಲ ಒಂದು ಗಂಟೇಲಿ ಬೀಳೋದು ಹೊಂಬಿಸಿಲು, ಗೋಲ್ಡನ್ ಅವರ್ ಅಂತಾರಲ್ಲ ಅದು. ಸೂರ್ಯ ಕೆಳಗಿದ್ದಾಗ ಬೆಳಕು ನಮ್ಮ ಹತ್ರ ಬರೋಕೆ ಗಾಳಿಯಲ್ಲಿ ತುಂಬಾ ಉದ್ದ ದಾರಿ ಬರ್ಬೇಕು, ದಾರೀಲಿ ನೀಲಿ ಬಣ್ಣ ಚದುರಿ ಹೋಗತ್ತೆ, ಉಳಿಯೋದು ಕೇಸರಿ ಮತ್ತೆ ಕೆಂಪು. ಅದೂ ಅಲ್ದೆ ಬೆಳಕು ಪಕ್ಕದಿಂದ ಬೀಳೋದ್ರಿಂದ ನೆರಳು ಉದ್ದ ಆಗತ್ತೆ, ಕಲ್ಲಿನ ಉಬ್ಬುತಗ್ಗು, ಮರದ ತೊಗಟೆ, ಹುಲ್ಲಿನ ಒಂದೊಂದು ಎಳೆ ಎಲ್ಲಾ ಎದ್ದು ಕಾಣತ್ತೆ. ಮಧ್ಯಾಹ್ನ ಅದೇ ಗೋಡೆ ನೋಡಿ, ಚಪ್ಪಟೆ ಹಾಳೆ ಥರ ಇರತ್ತೆ.

ಇನ್ನೆಷ್ಟು ಹೊತ್ತಿದೆ ಅಂತ ನೋಡೋಕೆ ಕೈ ಸಾಕು. ತೋಳು ಪೂರ್ತಿ ಚಾಚಿ, ಬೆರಳುಗಳನ್ನ ಅಡ್ಡ ಹಿಡಿದು, ಸೂರ್ಯನ ಕೆಳಗಿಂದ ಬಾನಂಚಿನ ತನಕ ಎಷ್ಟು ಬೆರಳು ಹಿಡಿಸತ್ತೆ ಅಂತ ಎಣಿಸಿ. ಒಂದು ಬೆರಳಿಗೆ ಹತ್ತತ್ರ 10 ನಿಮಿಷ. ಭೂಮಧ್ಯರೇಖೆ ಹತ್ರ ಇರೋ ಜಾಗಗಳಲ್ಲಿ ಸೂರ್ಯ ನೆಟ್ಟಗೆ ಇಳಿಯೋದ್ರಿಂದ ಸ್ವಲ್ಪ ಬೇಗ, ಧ್ರುವದ ಕಡೆ ಹೋದಷ್ಟೂ ಓರೆಯಾಗಿ ಜಾರೋದ್ರಿಂದ ನಿಧಾನ. ಸೂರ್ಯನ ಬಿಲ್ಲೆ ಆಕಾಶದಲ್ಲಿ ಬರೀ ಅರ್ಧ ಡಿಗ್ರಿ ಅಗಲ, ಭೂಮಿ ಗಂಟೆಗೆ 15 ಡಿಗ್ರಿ ತಿರುಗತ್ತೆ, ಹಾಗಾಗಿ ಕೆಳ ಅಂಚು ಬಾನಂಚನ್ನ ಮುಟ್ಟಿದ್ಮೇಲೆ ಪೂರ್ತಿ ಮುಳುಗೋಕೆ ಭೂಮಧ್ಯರೇಖೆ ಹತ್ರ ಎರಡೇ ನಿಮಿಷ ಸಾಕು. ಆ ಎರಡು ನಿಮಿಷದಲ್ಲಿ ಲೆನ್ಸ್ ಬದಲಾಯಿಸ್ತೀನಿ, ಜಾಗ ಹುಡುಕ್ತೀನಿ ಅಂದ್ರೆ ಆಗಲ್ಲ. ಇನ್ನೊಂದು ವಿಷ್ಯ ನಂಗೆ ಈಗ್ಲೂ ಮೈ ಜುಮ್ಮೆನಿಸತ್ತೆ, ಗಾಳಿ ಬೆಳಕನ್ನ ಬಗ್ಗಿಸೋದ್ರಿಂದ, ಬಾನಂಚಿಗೆ ತಾಗಿ ಕಾಣೋ ಆ ಸೂರ್ಯ ನಿಜಕ್ಕೂ ಆಗ್ಲೇ ಕೆಳಗೆ ಹೋಗಿರತ್ತೆ. ನಾವು ನೋಡ್ತಿರೋದು ಬಾಗಿ ಬಂದ ಬೆಳಕನ್ನ. ಕೆಳಗಿನ ಭಾಗದ ಬೆಳಕು ಇನ್ನೂ ಜಾಸ್ತಿ ಬಾಗೋದ್ರಿಂದಾನೇ ಬಿಲ್ಲೆ ಆಗ ಒತ್ತಿದ ಚೆಂಡಿನ ಥರ ಚಪ್ಪಟೆಯಾಗಿ ಕಾಣೋದು.

ಈಗ ಹೆಡ್ಡಿಂಗಲ್ಲಿ ಹೇಳಿದ ಮಾತಿಗೆ ಬರ್ತೀನಿ. ಒಂದ್ಸಲ ಬೆಟ್ಟದ ಮೇಲೆ ಸೂರ್ಯ ಮುಳುಗ್ತಿದ್ದ ಹಾಗೆ ಎಲ್ಲರ ಜೊತೆ ನಾನೂ ಟ್ರೈಪಾಡ್ ಮಡಚಿ ಇಳಿಯೋಕೆ ಶುರು ಮಾಡ್ದೆ, ಅರ್ಧ ದಾರೀಲಿ ಎದುರಿನ ಬಂಡೆ ಎಲ್ಲಾ ಗುಲಾಬಿ ಆಯ್ತು, ತಿರುಗಿ ನೋಡಿದ್ರೆ ಇಡೀ ಆಕಾಶ ಹೊತ್ತಿ ಉರೀತಿದೆ, ಮರಗಳ ಮಧ್ಯೆ ಸಿಕ್ಕಿಹಾಕ್ಕೊಂಡು ಒಂದು ಫ್ರೇಮ್ ಕೂಡ ಸಿಗ್ಲಿಲ್ಲ. ಅವತ್ತಿಂದ ಬೇಗ ಇಳಿದಿಲ್ಲ. ಇದ್ಯಾಕೆ ಹಾಗಾಗತ್ತೆ ಅಂದ್ರೆ, 6 ಕಿಲೋಮೀಟರ್‌ಗಿಂತ ಎತ್ತರದಲ್ಲಿ ಹಿಂಜಿದ ಹತ್ತಿ ಥರ ತೆಳ್ಳಗೆ ಹರಡಿರೋ ಮೋಡಗಳಿಗೆ, ನಮಗೆ ಸೂರ್ಯ ಮರೆಯಾದ್ಮೇಲೂ ಸೂರ್ಯ ಕಾಣ್ತಾನೇ ಇರತ್ತೆ, ಆ ಕೆಂಪು ಬೆಳಕು ಕೆಳಗಿಂದ ಮೇಲಕ್ಕೆ ಮೋಡದ ಹೊಟ್ಟೆಗೆ ಹೊಡೆಯತ್ತೆ. ಹಾಗಾಗಿ ಹೊರಡೋ ಮುಂಚೆ ಆಕಾಶ ನೋಡಿ ಅಂದಾಜು ಮಾಡ್ಬಹುದು. ತಲೆ ಮೇಲೆ ಎತ್ತರದ ತೆಳು ಮೋಡ, ಪಶ್ಚಿಮದ ಅಂಚಲ್ಲಿ ಮಾತ್ರ ಬಯಲು ಇದ್ರೆ ಎಲ್ಲಾ ಕೆಲ್ಸ ಬಿಟ್ಟು ಹೋಗಿ. ಪಶ್ಚಿಮದಲ್ಲೇ ದಟ್ಟ ಮೋಡ ಗೋಡೆ ಕಟ್ಟಿದ ಹಾಗೆ ನಿಂತಿದ್ರೆ ಬಣ್ಣ ಬರೋದು ಕಷ್ಟ. ಒಂದೂ ಮೋಡ ಇಲ್ದಿದ್ರೆ ಸಂಜೆ ಚೆನ್ನಾಗಿರತ್ತೆ ಆದ್ರೆ ಆಕಾಶ ಖಾಲಿ ಖಾಲಿ, ಅಂಥ ದಿನ ಕಟ್ಟಡಗಳ ಕಡೆ ಹೋಗಿ.

ಧೂಳು ಹೊಗೆ ಜಾಸ್ತಿ ಇದ್ರೆ ಸನ್‌ಸೆಟ್ ಚೆನ್ನಾಗಿರತ್ತೆ ಅಂತ ತುಂಬಾ ಜನ ಹೇಳ್ತಾರೆ, ನನ್ನ ಅನುಭವದಲ್ಲಿ ಉಲ್ಟಾ. ನೆಲದ ಹತ್ರದ ಹೊಗೆ ಬಣ್ಣಾನ ಮಂಕು ಮಾಡತ್ತೆ, ಮಳೆ ನಿಂತು ಗಾಳಿ ತೊಳೆದ ಹಾಗಿರೋ ಸಂಜೇನೇ ಬಣ್ಣ ಗಾಢವಾಗಿ ಬರೋದು. ಜ್ವಾಲಾಮುಖಿ ಧೂಳಿನ ಕಥೆ ಬೇರೆ, ಅದು ವಾತಾವರಣದಲ್ಲಿ ತುಂಬಾ ಮೇಲೆ ಹೋಗಿ ಕೂರತ್ತೆ. 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವಾ ಸಿಡಿದ್ಮೇಲೆ ತಿಂಗಳುಗಟ್ಟಲೆ ಪ್ರಪಂಚದ ಎಷ್ಟೋ ಕಡೆ ಸಂಜೆ ಆಕಾಶ ಎಷ್ಟು ಕೆಂಪಾಗಿತ್ತು ಅಂದ್ರೆ ಅಮೆರಿಕದಲ್ಲಿ ಎಲ್ಲೋ ಬೆಂಕಿ ಬಿದ್ದಿದೆ ಅಂತ ಫೈರ್ ಎಂಜಿನ್ ಕರೆಸಿದ್ರು.

ಇನ್ನು ಸೆಟ್ಟಿಂಗ್ಸ್. ಫೋನ್ ಇದ್ರೆ ಮೊದ್ಲು ಲೆನ್ಸ್ ಒರೆಸಿ, ನಿಜವಾಗ್ಲೂ, ಬೆರಳಿನ ಜಿಡ್ಡು ಒಂದು ಪದರ ಇದ್ರೂ ಸೂರ್ಯನ ಸುತ್ತ ಮಬ್ಬು ಗೆರೆ ಬರತ್ತೆ, ಮೆತ್ತನೆ ಹತ್ತಿ ಬಟ್ಟೇಲಿ ಒಂದ್ಸಲ ಒರೆಸಿದ್ರೆ ಆ ಗೆರೆ ಎಲ್ಲಾ ಮಾಯ. ಆಮೇಲೆ ಸ್ಕ್ರೀನ್ ಮೇಲೆ ಸೂರ್ಯನ ಪಕ್ಕದ ಆಕಾಶದಲ್ಲಿ (ಸೂರ್ಯನ ಮೇಲೆ ಅಲ್ಲ) ಬೆರಳು ಒತ್ತಿ ಹಿಡಿದ್ರೆ ಫೋಕಸ್, ಎಕ್ಸ್‌ಪೋಷರ್ (ಫೋಟೋಗೆ ಎಷ್ಟು ಬೆಳಕು ತಗೊಳ್ಬೇಕು ಅನ್ನೋದು) ಲಾಕ್ ಆಗತ್ತೆ, ಪಕ್ಕದಲ್ಲಿ ಬರೋ ಬೆಳಕಿನ ಗುರುತನ್ನ ಕೆಳಗೆ ಎಳೀರಿ, ಬಣ್ಣ ತುಂಬಿಕೊಳ್ಳೋ ತನಕ. ಜೂಮ್ ಮಾಡೋಕೆ ಎರಡು ಬೆರಳಲ್ಲಿ ಹಿಗ್ಗಿಸೋದು ಬೇಡ, ಅದು ಫೋಟೋನ ಕತ್ತರಿಸಿ ದೊಡ್ಡದು ಮಾಡೋದು ಅಷ್ಟೇ. ಫೋನಲ್ಲಿ ಬೇರೆ ಟೆಲಿ ಲೆನ್ಸ್ (ದೂರದ್ದನ್ನ ಹತ್ರ ತೋರಿಸೋ ಲೆನ್ಸ್) ಇದ್ರೆ ಅದರ ಬಟನ್ ಒತ್ತಿ.

ಕ್ಯಾಮೆರಾ ಇರೋರು ರಾ ಫಾರ್ಮ್ಯಾಟಲ್ಲಿ (ಕ್ಯಾಮೆರಾ ತಾನಾಗೇ ತಿದ್ದದೆ ಪೂರ್ತಿ ಮಾಹಿತಿ ಉಳಿಸೋ ಫೈಲ್) ತೆಗೀರಿ, ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) 100, ಅಪರ್ಚರ್ (ಲೆನ್ಸಲ್ಲಿ ಬೆಳಕು ಬರೋ ತೂತಿನ ಅಳತೆ) ಎಫ್ 8 ಅಥವಾ ಎಫ್ 11, ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಆರಿಸಿದ ಬೆಳಕನ್ನ ನಾವು ಹೆಚ್ಚು ಕಮ್ಮಿ ಮಾಡೋ ಸೆಟ್ಟಿಂಗ್) ಮೈನಸ್ ಮುಕ್ಕಾಲಿಂದ ಮೈನಸ್ ಒಂದೂಕಾಲು ಆಸುಪಾಸು. ಕ್ಯಾಮೆರಾಗೆ ಸಂಜೆ ಅಂತ ಗೊತ್ತಿಲ್ಲ ನೋಡಿ, ಏನ್ ತೋರಿಸಿದ್ರೂ ಅದನ್ನ ಒಂದು ಮಧ್ಯಮ ಬೂದು ಬಣ್ಣದ ಲೆವೆಲ್‌ಗೆ ತರೋಕೆ ನೋಡತ್ತೆ, ಅದಕ್ಕೇ ನಾವು ಹೇಳ್ಬೇಕಾಗತ್ತೆ ಇದು ಕತ್ತಲಾಗೇ ಇರ್ಲಿ ಅಂತ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣೋ ಹಾಗೆ ಬಣ್ಣ ಹೊಂದಿಸೋ ಸೆಟ್ಟಿಂಗ್) ಕೂಡ ಹಾಗೇ, ಆಟೋದಲ್ಲಿ ಬಿಟ್ರೆ ಕೇಸರಿ ಬಣ್ಣ ಏನೋ ತಪ್ಪು ಅಂದ್ಕೊಂಡು ಸರಿ ಮಾಡ್ಬಿಡತ್ತೆ. ಡೇಲೈಟ್ ಅಥವಾ ಕ್ಲೌಡಿಗೆ ಇಡಿ. ಹಿಸ್ಟೋಗ್ರಾಮ್ (ಫೋಟೋದಲ್ಲಿ ಕಪ್ಪಿಂದ ಬಿಳಿ ತನಕ ಯಾವ ಮಟ್ಟದ ಬೆಳಕು ಎಷ್ಟಿದೆ ಅಂತ ತೋರಿಸೋ ಗ್ರಾಫ್) ನೋಡೋ ಅಭ್ಯಾಸ ಇದ್ರೆ ಬಣ್ಣದ ಹಿಸ್ಟೋಗ್ರಾಮಲ್ಲಿ ಕೆಂಪನ್ನ ಬೇರೆಯಾಗಿ ನೋಡಿ, ಸನ್‌ಸೆಟ್‌ನಲ್ಲಿ ಮೊದ್ಲು ತುಂಬಿ ಹೊರಗೆ ಚೆಲ್ಲೋದು ಕೆಂಪು ಚಾನೆಲ್ಲೇ, ಒಟ್ಟು ಹಿಸ್ಟೋಗ್ರಾಮ್ ಸರಿಯಾಗೇ ಕಾಣ್ತಿರತ್ತೆ ಆದ್ರೆ ಕೆಂಪು ಆಗ್ಲೇ ಹೋಗಿರತ್ತೆ, ಮನೆಗೆ ಬಂದು ನೋಡಿದ್ರೆ ಮೋಡದಲ್ಲಿ ವಿವರಾನೇ ಇಲ್ಲ, ಬಣ್ಣ ಬಳಿದ ಹಾಗೆ ಇರತ್ತೆ. ಇದನ್ನ ಮೊದ್ಲೇ ಯಾರಾದ್ರೂ ಹೇಳಿದ್ದಿದ್ರೆ ನಂಗೆ ಎಷ್ಟೋ ಒಳ್ಳೆ ಸಂಜೆಗಳು ಉಳೀತಿದ್ವು.

ಕಣ್ಣಿನ ಬಗ್ಗೆ ಒಂದು ಮಾತು, ಇದನ್ನ ದಯವಿಟ್ಟು ಸೀರಿಯಸ್ಸಾಗಿ ತಗೊಳ್ಳಿ. ಡಿಎಸ್ಎಲ್ಆರ್‌ಗೆ ಉದ್ದ ಲೆನ್ಸ್ ಹಾಕ್ಕೊಂಡು ವ್ಯೂಫೈಂಡರಲ್ಲಿ ಕಣ್ಣಿಟ್ಟು ಸೂರ್ಯನ್ನ ನೋಡೋದು ಬೇಡ್ವೇ ಬೇಡ, ಅದು ಭೂತಗನ್ನಡಿ ಹಿಡಿದ ಹಾಗೆ, ಕಣ್ಣಿಗೆ ಶಾಶ್ವತವಾಗಿ ಪೆಟ್ಟಾಗ್ಬಹುದು. ಹಿಂದಿನ ಸ್ಕ್ರೀನಲ್ಲೇ ನೋಡಿ. ಬಿಸಿಲು ಇನ್ನೂ ಚುರುಕಾಗಿದ್ದಾಗ ಟ್ರೈಪಾಡ್ ಮೇಲೆ ಲೆನ್ಸನ್ನ ಸೂರ್ಯನ ಕಡೆಗೇ ಬಿಟ್ಟು ಓಡಾಡ್ಬೇಡಿ, ಸೆನ್ಸರ್ (ಲೆನ್ಸ್ ಹಿಂದೆ ಬೆಳಕು ಹಿಡಿಯೋ ಚಿಪ್) ಸುಟ್ಟು ಹೋಗಿರೋ ಉದಾಹರಣೆ ಇದೆ. ಮತ್ತೆ ಬಂಡೆ ತುದೀಲಿ ಸ್ಕ್ರೀನ್ ನೋಡ್ತಾ ಹಿಂದಕ್ಕೆ ಹೆಜ್ಜೆ ಇಡೋದು, ಟಾರ್ಚ್ ಇಲ್ದೆ ಕತ್ತಲಲ್ಲಿ ಇಳಿಯೋದು, ಇವೆರಡನ್ನೂ ಯಾವ ಫೋಟೋಗೋಸ್ಕರಾನೂ ಮಾಡ್ಬೇಡಿ.

ದೊಡ್ಡ ಸೂರ್ಯ ಬೇಕು, ಕಟ್ಟಡದ ಹಿಂದೆ ತಟ್ಟೆ ಥರ ಕಾಣ್ಬೇಕು ಅಂತ ಎಲ್ರಿಗೂ ಆಸೆ. ಇದಕ್ಕೊಂದು ಸರಳ ಲೆಕ್ಕ ಇದೆ. ಸೆನ್ಸರ್ ಮೇಲೆ ಬೀಳೋ ಸೂರ್ಯನ ಅಗಲ ಲೆನ್ಸಿನ ಫೋಕಲ್ ಲೆಂತಿನ (ಲೆನ್ಸ್ ಮೇಲೆ ಎಂಎಂ ಲೆಕ್ಕದಲ್ಲಿ ಬರೆದಿರೋ ಅಂಕಿ) ಸುಮಾರು 110ರಲ್ಲಿ ಒಂದು ಭಾಗ. 24 ಎಂಎಂ ಲೆನ್ಸಲ್ಲಿ ಕಾಲು ಮಿಲಿಮೀಟರೂ ಇಲ್ಲ, ಅದಕ್ಕೇ ಬಿಳಿ ಚುಕ್ಕಿ. 400 ಎಂಎಂ ಆದ್ರೆ ಮೂರೂವರೆ ಮಿಲಿಮೀಟರ್ ದಾಟತ್ತೆ, ಫುಲ್ ಫ್ರೇಮಲ್ಲಿ (24 ಎಂಎಂ ಎತ್ತರದ ಸೆನ್ಸರ್) ಎತ್ತರದ ಆರೇಳರಲ್ಲಿ ಒಂದು ಪಾಲು. ಆದ್ರೆ ಬರೀ ಲೆನ್ಸ್ ಉದ್ದ ಆದ್ರೆ ಸಾಲಲ್ಲ, ನೀವು ದೂರ ಹೋಗ್ಬೇಕು. ಯಾವುದೇ ವಸ್ತು ಸೂರ್ಯನ ಬಿಲ್ಲೆಯಷ್ಟೇ ಎತ್ತರ ಕಾಣ್ಬೇಕಂದ್ರೆ ಅದರ ಎತ್ತರದ ಸುಮಾರು 110 ಪಟ್ಟು ದೂರದಲ್ಲಿ ನಿಲ್ಬೇಕು. ಮನುಷ್ಯ ಆದ್ರೆ 200 ಮೀಟರ್, 10 ಮೀಟರ್ ಗುಮ್ಮಟ ಆದ್ರೆ ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಹತ್ರ ನಿಂತು ಎಷ್ಟೇ ಜೂಮ್ ಮಾಡಿದ್ರೂ ಆ ಅನುಪಾತ ಬದಲಾಗಲ್ಲ. ಮ್ಯಾಪಲ್ಲಿ ಆ ದೂರದಲ್ಲಿ ಖಾಲಿ ಜಾಗ, ಸೇತುವೆ, ದಿಣ್ಣೆ ಏನಾದ್ರೂ ಇದ್ಯಾ ಅಂತ ಹುಡುಕಿ, ಫೋಟೋಪಿಲ್ಸ್ ಥರದ ಆಪಲ್ಲಿ ಯಾವ ದಿನ ಸೂರ್ಯ ಆ ಗೆರೆಗೆ ಸರಿಯಾಗಿ ಇಳಿಯತ್ತೆ ಅಂತ ನೋಡ್ಕೊಳ್ಳಿ. ಇದು ಅರ್ಧ ಫೋಟೋಗ್ರಫಿ ಅರ್ಧ ಬೇಟೆ ಇದ್ದ ಹಾಗೆ, ನಂಗಂತೂ ಆ ಹುಡುಕಾಟಾನೇ ಜಾಸ್ತಿ ಖುಷಿ ಕೊಡತ್ತೆ.

ಕಟ್ಟಡ, ಗೋಪುರ, ಕೋಟೆ ಇಂಥವಕ್ಕೆ ಸೂರ್ಯ ಫ್ರೇಮಲ್ಲೇ ಇರ್ಬೇಕು ಅಂತೇನಿಲ್ಲ. ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಗೋಡೆ ಮೇಲೆ ಬಿಸಿಲು ಹೇಗೆ ಏರ್ತಾ ಹೋಗತ್ತೆ ನೋಡಿ, ಕೆಳಗಿಂದ ನೆರಳು ಮೇಲಕ್ಕೆ ಹತ್ತುತ್ತಾ ಬಂದು ಕೊನೆಗೆ ಶಿಖರದ ತುದಿ ಮಾತ್ರ ಹೊಳೀತಿರತ್ತೆ, ಆ ಒಂದೆರಡು ನಿಮಿಷ ಇದ್ಯಲ್ಲ ಅದನ್ನ ಕಾದು ತೆಗೀಬೇಕು. ನಾನು ಎರಡು ವರ್ಷದಿಂದ ಒಂದೇ ಗಡಿಯಾರ ಗೋಪುರದ ಫೋಟೋ ತೆಗೀತಿದೀನಿ. ಅದರ ಒಂದು ಮುಖದಲ್ಲಿ ಉಳಿ ಏಟಿನ ಗುರುತುಗಳಿವೆ, ಬೆರಳುಗುರಷ್ಟು ಚಿಕ್ಕವು, ಸಾಲು ಸಾಲಾಗಿ ಓರೆಯಾಗಿ ಇಳಿದಿರೋವು. ಸಂಜೆ ಬೆಳಕು ಗೋಡೆಗೆ ಸವರಿಕೊಂಡು ಹೋಗೋ ಕೆಲವೇ ವಾರಗಳಲ್ಲಿ ಮಾತ್ರ ಒಂದೊಂದು ಗುಳಿಯ ಒಂದು ಅಂಚು ಬಂಗಾರ, ಇನ್ನೊಂದು ಅಂಚು ಕಡು ನೆರಳು, ಯಾರೋ ಕಲ್ಲುಕುಟಿಗ ಎಡಗಡೆಯಿಂದ ಬಲಗಡೆಗೆ ಹೊಡೀತಾ ಬಂದಿದಾನೆ ಅಂತ ಕೂಡ ಗೊತ್ತಾಗತ್ತೆ. ಎಂಟು ತಿಂಗಳು ನಾನು ಅಲ್ಲಿಗೆ ಹೋಗಿದ್ರೂ ಅದು ಕಂಡಿರ್ಲಿಲ್ಲ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೋನೆ 1892 ಮತ್ತೆ 1893ರಲ್ಲಿ ರುವಾನ್ ಊರಿನ ಕೆಥೆಡ್ರಲ್ ಎದುರು ರೂಮ್ ಹಿಡಿದು ಕೂತು ಆ ಒಂದೇ ಮುಂಭಾಗಾನ 30ಕ್ಕಿಂತ ಜಾಸ್ತಿ ಸಲ ಬಿಡಿಸಿದ್ರು, ಬೆಳಕು ಬದಲಾದ ಹಾಗೆ ಒಂದು ಕ್ಯಾನ್ವಾಸ್ ಪಕ್ಕಕ್ಕಿಟ್ಟು ಇನ್ನೊಂದು ಎತ್ಕೊಳ್ತಿದ್ರು. ಹೊಸ ಹೊಸ ಜಾಗ ಹುಡುಕಿಕೊಂಡು ಅಲೆಯೋ ಮುಂಚೆ ನಡೆದು ಹೋಗೋವಷ್ಟು ಹತ್ರದಲ್ಲಿ ಒಂದು ಜಾಗ ಆರಿಸ್ಕೊಂಡು ಅಲ್ಲಿಗೆ ಹತ್ತು ಸಲ ಹೋಗಿ ಅಂತ ನಾನು ಹೇಳೋದು ಇದಕ್ಕೇ.

ಕಟ್ಟಡದಲ್ಲಿ ಎಲ್ಲರೂ ಮಾಡೋ ತಪ್ಪು ಬುಡದಲ್ಲಿ ನಿಂತು ಕ್ಯಾಮೆರಾನ ಮೇಲಕ್ಕೆ ತಿರುಗಿಸೋದು, ಆಗ ಗೋಡೆಗಳು ಒಳಗೆ ವಾಲಿ ಕಟ್ಟಡ ಹಿಂದಕ್ಕೆ ಬೀಳೋ ಹಾಗೆ ಕಾಣತ್ತೆ. ಹಿಂದೆ ಸರಿದು ಕ್ಯಾಮೆರಾ ನೆಟ್ಟಗೆ ಹಿಡೀರಿ, ಜಾಗ ಇಲ್ದಿದ್ರೆ ಸುತ್ತ ಜಾಸ್ತಿ ಜಾಗ ಬಿಟ್ಟು ತೆಗೆದು ಆಮೇಲೆ ಎಡಿಟ್ ಮಾಡೋವಾಗ ಸರಿ ಮಾಡಿ. ಮಳೆ ಬಂದು ನಿಂತಿದ್ರೆ ಒಂದು ಸಣ್ಣ ನೀರಿನ ಹೊಂಡ ಸಾಕು, ಫೋನನ್ನ ತಲೆಕೆಳಗು ಮಾಡಿ ಲೆನ್ಸ್ ನೀರಿಗೆ ತಾಗೋ ತಾಗದ ಹಾಗೆ ಹಿಡಿದ್ರೆ ಕೈಯಗಲದ ಹೊಂಡದಲ್ಲಿ ಇಡೀ ಗೋಪುರ ಮೂಡತ್ತೆ.

ಸೂರ್ಯ ಮುಳುಗಿ 20 ನಿಮಿಷದ ಸುಮಾರಿಗೆ (ಧ್ರುವದ ಕಡೆಯ ದೇಶಗಳಲ್ಲಿ ಇನ್ನೂ ಲೇಟಾಗಿ) ಆಕಾಶ ಗಾಢ ನೀಲಿಗೆ ತಿರುಗತ್ತೆ, ಬ್ಲೂ ಅವರ್. ಅಷ್ಟೊತ್ತಿಗೆ ಕಟ್ಟಡದ ಲೈಟುಗಳು ಹತ್ತಿರತ್ತೆ, ಲೈಟಿನ ಬೆಳಕು ಮತ್ತೆ ಆಕಾಶದ ಬೆಳಕು ಎರಡೂ ಸಮ ಆಗೋ ಒಂದು ಹತ್ತು ನಿಮಿಷ ಇರತ್ತೆ, ಅದಕ್ಕಿಂತ ಮುಂಚೆ ಲೈಟ್ ಮಂಕು, ಆಮೇಲೆ ಆಕಾಶ ಕಪ್ಪು. ಇಲ್ಲಿ ಟ್ರೈಪಾಡ್ ಬೇಕೇ ಬೇಕು, ಶಟರ್ ಒಂದೆರಡು ಸೆಕೆಂಡ್ ತೆರೆದಿರತ್ತೆ, ಬಟನ್ ಒತ್ತೋ ಅಲುಗಾಟ ಬರ್ದೇ ಇರ್ಲಿ ಅಂತ 2 ಸೆಕೆಂಡ್ ಟೈಮರ್ ಹಾಕಿ. ಟ್ರೈಪಾಡ್ ಇಲ್ವಾ, ಕಟ್ಟೆ ಮೇಲೆ ಬ್ಯಾಗ್ ಇಟ್ಟು ಅದರ ಮೇಲೆ ಇಡಿ. ತುಂಬಾ ಸ್ಮಾರಕಗಳ ಒಳಗೆ ಟ್ರೈಪಾಡ್, ಡ್ರೋನ್ ಬಿಡಲ್ಲ, ಮೊದ್ಲೇ ಕೇಳ್ಕೊಂಡು ಹೋಗಿ. ಫೋಟೋ ಮಾರೋ ಯೋಚನೆ ಇದ್ರಂತೂ ಇನ್ನೂ ಹುಷಾರು, ಐಫೆಲ್ ಟವರ್‌ದು ಹಗಲು ಫೋಟೋಗೆ ತೊಂದ್ರೆ ಇಲ್ಲ, ಆದ್ರೆ ರಾತ್ರಿ ಲೈಟಿಂಗ್‌ಗೆ ಕಾಪಿರೈಟ್ ಇದೆ, ವ್ಯಾಪಾರಕ್ಕೆ ಬಳಸೋಕೆ ಪರ್ಮಿಷನ್ ಬೇಕು.

ಅದೇ ಹೊತ್ತಲ್ಲಿ, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ, ಒಂದ್ಸಲ ಪೂರ್ವಕ್ಕೆ ತಿರುಗಿ. ಆಕಾಶ ಶುಭ್ರವಾಗಿದ್ರೆ ಬಾನಂಚಲ್ಲಿ ಬೂದು ಮಿಶ್ರಿತ ನೀಲಿ ಪಟ್ಟಿ, ಅದರ ಮೇಲೆ ನವಿರು ಗುಲಾಬಿ ಪಟ್ಟಿ ಕಾಣತ್ತೆ. ಆ ನೀಲಿ ಏನು ಗೊತ್ತಾ, ಭೂಮಿಯ ನೆರಳು. ನಾವು ನಿಂತಿರೋ ಭೂಮಿಯ ನೆರಳೇ ಆಕಾಶದ ಮೇಲೆ ಬಿದ್ದು ಮೇಲಕ್ಕೆ ಏಳ್ತಿರತ್ತೆ. ಜನ ಎಲ್ಲಾ ಪಶ್ಚಿಮಕ್ಕೆ ಮುಖ ಮಾಡಿ ನಿಂತಿರ್ತಾರೆ, ಇದು ಅವರ ಬೆನ್ನ ಹಿಂದೇನೇ ಆಗ್ತಿರತ್ತೆ.

ಪ್ರಕೃತಿ ಫೋಟೋಗೆ ಬಂದ್ರೆ ನಿಯಮ ಸ್ವಲ್ಪ ಉಲ್ಟಾ. ಕಾಡಿನೊಳಗೆ, ಹೂವಿಗೆ, ಜಲಪಾತಕ್ಕೆ ಮೋಡ ಮುಚ್ಚಿದ ದಿನಾನೇ ಒಳ್ಳೇದು, ಬಿಸಿಲಿದ್ರೆ ಎಲೆಗಳ ಮಧ್ಯೆ ಬಿಳಿ ಕಲೆ ಕಪ್ಪು ಕಲೆ ಆಗಿ ಕಣ್ಣಿಗೆ ಚುಚ್ಚತ್ತೆ. ಪೋಲರೈಸರ್ ಫಿಲ್ಟರ್ ಒಂದಿದ್ರೆ ಒದ್ದೆ ಎಲೆ ಮೇಲಿನ ಹೊಳಪು ತೆಗೆದು ಹಸಿರನ್ನ ಹೊರಗೆ ತರತ್ತೆ, ಇದನ್ನ ಸಾಫ್ಟ್‌ವೇರಲ್ಲಿ ಮಾಡೋಕಾಗಲ್ಲ, ಹಾಗಾಗಿ ಮೊದಲ ಫಿಲ್ಟರ್ ತಗೊಳ್ಳೋದಾದ್ರೆ ಅದನ್ನೇ ತಗೊಳ್ಳಿ. ಜಲಪಾತದ ನೀರು ರೇಷ್ಮೆ ಥರ ಬೇಕಂದ್ರೆ ಶಟರ್ ಕಾಲು ಸೆಕೆಂಡಿಂದ ಒಂದು ಸೆಕೆಂಡ್, ಅದಕ್ಕಿಂತ ಜಾಸ್ತಿ ಇಟ್ರೆ ನೀರು ಹಾಲು ಚೆಲ್ಲಿದ ಹಾಗೆ ಆಗಿ ಜೀವ ಹೋಗತ್ತೆ ಅಂತ ನನ್ನ ಅಭಿಪ್ರಾಯ. ಹಾರೋ ಹಕ್ಕಿಗೆ ಸೆಕೆಂಡಿನ 1000ದಲ್ಲಿ ಒಂದು ಭಾಗ ಅಥವಾ ಇನ್ನೂ ಫಾಸ್ಟ್, ಫೋಕಸ್ ಕಣ್ಣಿನ ಮೇಲೆ. ಗೂಡಿನ ಹತ್ರ ಹೋಗೋದು, ಹಕ್ಕಿ ಕೂಗಿನ ರೆಕಾರ್ಡಿಂಗ್ ಹಾಕಿ ಕರೆಯೋದು ಬೇಡ, ಮರಿ ಬಿಟ್ಟು ತಾಯಿ ಹಾರಿ ಹೋದ್ರೆ ಅದಕ್ಕೆ ಕಾರಣ ನಾವೇ ಆಗ್ತೀವಿ.

ಸಂಜೆ ಬಿಸಿಲಲ್ಲಿ ಮಾತ್ರ ಒಂದು ಕೆಲ್ಸ ಮಾಡಿ, ಒಂದು ಎಲೆಯ ಹಿಂದೆ ಸೂರ್ಯ ಬರೋ ಹಾಗೆ ಮಂಡಿಯೂರಿ ಕೂತು ನೋಡಿ. ಹಸಿರು ಎಲೆ ಒಳಗಿಂದ ದೀಪ ಹಚ್ಚಿದ ಹಾಗೆ ಹೊಳಿಯತ್ತೆ, ನಡುವಿನ ನರದಿಂದ ಕವಲೊಡೆದ ಸಣ್ಣ ನರಗಳು, ಹುಳ ತಿಂದ ತೂತಿನ ಅಂಚಲ್ಲಿ ಕಂದು ಗೆರೆ, ಎಲ್ಲಾ ಕಾಣತ್ತೆ. ಹಿನ್ನೆಲೇಲಿ ನೆರಳಿನ ಜಾಗ ಬರೋ ಹಾಗೆ ಒಂದಿಂಚು ಆಚೆ ಈಚೆ ಸರಿದ್ರೆ ಮುಗೀತು, ಬೇರೇನೂ ಬೇಡ.

ಎಡಿಟಿಂಗ್ ಜಾಸ್ತಿ ಹೇಳಲ್ಲ. ಬಾನಂಚು ಓರೆಯಾಗಿದ್ರೆ ನೇರ ಮಾಡಿ, ವಿಶೇಷವಾಗಿ ಸಮುದ್ರ ಇದ್ರೆ. ನೆರಳನ್ನ ಸ್ವಲ್ಪ ಎತ್ತಿ, ಪೂರ್ತಿ ಎತ್ತಿದ್ರೆ ಸಂಜೆ ಸಂಜೆ ಥರ ಇರಲ್ಲ. ಸ್ಯಾಚುರೇಷನ್ (ಬಣ್ಣದ ಗಾಢತೆ) ಸ್ಲೈಡರ್ ಹತ್ರ ಕೈ ಹೋದ್ರೆ ಅವತ್ತು ಅಲ್ಲಿ ನಿಂತು ಕಂಡಿದ್ದನ್ನ ನೆನಪು ಮಾಡ್ಕೊಂಡು ಅಲ್ಲಿಗೇ ನಿಲ್ಸಿ. ಮೂಲ ಫೈಲನ್ನ ಎರಡು ಬೇರೆ ಬೇರೆ ಕಡೆ ಇಡಿ.

ಪ್ರತಿ ಸಲ ಮನೆಗೆ ಬಂದ ತಕ್ಷಣ ತಾರೀಕು, ಟೈಮು, ಎಲ್ಲಿ ನಿಂತಿದ್ದೆ, ಸೂರ್ಯ ಯಾವುದರ ಹಿಂದೆ ಇಳೀತು ಅಂತ ಬರೆದಿಡಿ. ಸೂರ್ಯ ಸರಿಯಾಗಿ ಪಶ್ಚಿಮದಲ್ಲಿ ಮುಳುಗೋದು ಮಾರ್ಚ್ ಮತ್ತೆ ಸೆಪ್ಟೆಂಬರ್ ವಿಷುವದ (ಹಗಲು ರಾತ್ರಿ ಹತ್ತತ್ರ ಸಮ ಇರೋ) ದಿನಗಳಲ್ಲಿ ಮಾತ್ರ, ಜೂನ್ ತನಕ ಉತ್ತರದ ಕಡೆ ಸರೀತಾ ಹೋಗಿ ವಾಪಸ್ ಬರತ್ತೆ, ಆಮೇಲೆ ಡಿಸೆಂಬರ್ ತನಕ ದಕ್ಷಿಣಕ್ಕೆ. ಅಂದ್ರೆ ಹತ್ತತ್ರ ಎಲ್ಲಾ ಜಾಗಕ್ಕೂ ಸೂರ್ಯ ವರ್ಷಕ್ಕೆ ಎರಡು ಸಲ ಬರತ್ತೆ. ನ್ಯೂಯಾರ್ಕಿನ ಮ್ಯಾನ್‌ಹಟನ್ ರಸ್ತೆಗಳ ನೇರಕ್ಕೆ ಸೂರ್ಯ ಮುಳುಗೋದನ್ನ ನೋಡೋಕೆ ಜನ ಸೇರ್ತಾರಲ್ಲ, ಅದೂ ಮೇ ಕೊನೇಲಿ ಒಂದ್ಸಲ, ಜುಲೈ ಎರಡನೇ ವಾರದ ಹತ್ರ ಇನ್ನೊಂದ್ಸಲ ಆಗೋದು ಇದೇ ಕಾರಣಕ್ಕೆ. ಹಾಗಾಗಿ ನಿಮ್ಮ ಗೋಪುರದ ತುದಿಗೆ ಸೂರ್ಯ ಕೂರೋ ದಿನ ಮೋಡ ಮುಚ್ಚಿ ಕೈ ತಪ್ಪಿ ಹೋಯ್ತು ಅಂದ್ಕೊಳ್ಳಿ, ಆ ದಿನದಿಂದ ಜೂನ್ 21ಕ್ಕೆ ಎಷ್ಟು ದಿನ ಅಂತ ಎಣಿಸಿ, ಜೂನ್ 21 ಆಗಿ ಅಷ್ಟೇ ದಿನಕ್ಕೆ, ಒಂದೆರಡು ದಿನ ಆಚೀಚೆ, ಅದೇ ಜಾಗಕ್ಕೆ ಹೋಗಿ ನಿಲ್ಲಿ. ಚಳಿಗಾಲದ್ದಾದ್ರೆ ಡಿಸೆಂಬರ್ 21ರಿಂದ ಎಣಿಸಿ.